ಅಷ್ಟಮಿಯ ಇಳಿತಕ್ಕೆ ಹಾಕಿದ ಹಲಗೆಗಳು

ಡಿಸೆಂಬರ್ ಮೊದಲ ವಾರದ ಒಂದು ಸೋಮವಾರ ಬೆಳಿಗ್ಗೆ, ಕೋಟದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದೆನಷ್ಟೆ, ಪಂಚಾಯತಿಯ ಪಂಪು ನೋಡಿಕೊಳ್ಳುವವರ ಫೋನ್ ಬಂತು.

"ಮೇಡಂ, ಕಟ್ಟದ್ ಹಲ್ಗಿ ಹೋಯ್ತ್. ಮೂರ್ ಕಿಂಡಿ ಪೂರಾ ಖಾಲಿ. ಉಪ್ಪ್ ನೀರ್ ಸೀದಾ ಒಳ್ಗೆ ಬತ್ತಾ ಇತ್ತ್."

ನಾನು ಆ ಗ್ರಾಮ ಪಂಚಾಯತಿಗೆ ಅಭಿವೃದ್ಧಿ ಅಧಿಕಾರಿಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ತ್ರಾಸಿಯಿಂದ ಒಳಕ್ಕೆ, ಹೊಳೆ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು ಅಲ್ಲೊಂದು ಕಿಂಡಿ ಅಣೆಕಟ್ಟು ಇದೆ. ಊರವರ ಬಾಯಲ್ಲಿ ಅದು ಬರೀ 'ಕಟ್ಟ'. ಒಟ್ಟು ಒಂಬತ್ತು ಕಿಂಡಿ, ಮೇಲೆ ನಡೆದಾಡಲು ಕಾಲುಸಂಕ. ಮಳೆಗಾಲದಲ್ಲಿ ಕಿಂಡಿಗಳು ತೆರೆದೇ ಇರುತ್ತವೆ. ಮಳೆ ನಿಂತು ಹೊಳೆಯ ಹರಿವು ಇಳಿದ ಮೇಲೆ, ಕಂಬಗಳ ಬದಿಯಲ್ಲಿರುವ ಸೀಳುಗಳಿಗೆ ಮರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಬೇಕು. ಪ್ರತಿ ಕಿಂಡಿಗೂ ಎರಡು ಸಾಲು ಹಲಗೆ. ಆ ಎರಡರ ನಡುವಿನ ಜಾಗಕ್ಕೆ ಮಣ್ಣು. ಹೀಗೆ ಮುಚ್ಚಿದರೆ ಉಬ್ಬರದ ಉಪ್ಪು ನೀರು ಮೇಲಕ್ಕೆ ನುಗ್ಗುವುದಿಲ್ಲ, ಹೊಳೆಯ ಸಿಹಿನೀರು ಒಳಗೆ ನಿಲ್ಲುತ್ತದೆ. ಸುಗ್ಗಿ ಬೆಳೆಗೂ ಬಾವಿಗಳಿಗೂ ಅದೇ ಆಧಾರ.

ಹಲಗೆ ಹಾಕಿಸಿ ಹತ್ತು ದಿನವಷ್ಟೇ ಆಗಿತ್ತು. ಹೊರಗಿನ ಒಬ್ಬ ಗುತ್ತಿಗೆದಾರ ಜನ ಕರೆತಂದು ಎರಡೇ ದಿನದಲ್ಲಿ ಮುಗಿಸಿಕೊಟ್ಟಿದ್ದ. ನಾನು ಫೋಟೋ ತೆಗೆದು ಮೇಲಿನವರಿಗೆ ಕಳಿಸಿ ನಿರಾಳವಾಗಿದ್ದೆ.

ಬಸ್ಸಿಳಿದು ಸೀದಾ ಕಟ್ಟಕ್ಕೆ ಹೋದೆ. ಕಾಲುಸಂಕದ ಮೇಲೆ ಆಗಲೇ ಹತ್ತಿಪ್ಪತ್ತು ಮಂದಿ ಕೃಷಿಕರು ಸೇರಿದ್ದರು. ಅವರ ಮುಂದೆ ನಿಂತಿದ್ದವರು ಊರಿಗೆಲ್ಲ 'ಮಾಷ್ಟ್ರು' ಎಂದೇ ಗೊತ್ತಿದ್ದ ಹಿರಿಯರು. ಅಲ್ಲಿನದೇ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ, ಈಗ ಪೂರ್ತಿ ಗದ್ದೆಯಲ್ಲೇ ಇರುವವರು. ಎಪ್ಪತ್ತು ದಾಟಿದರೂ ಬೆನ್ನು ನೆಟ್ಟಗೆ. ಕೃಷಿಕರ ಗುಂಪಿಗೆ ಅವರ ಮಾತೇ ಕೊನೆಯ ಮಾತು.

"ಕಾಣಿ ಮೇಡಂ," ಎಂದು ಖಾಲಿ ಕಿಂಡಿಯ ಕಡೆ ಕೈ ತೋರಿಸಿದರು. "ನೀರ್ ತನ್ನ್ ಕೈಯ್ಯಂಗೆ ಹಲ್ಗಿ ತೆಗಿತ್ತಿಲ್ಲೆ. ಯಾರ್ ತೆಗ್ದದ್ ಅಂದೇಳಿ ಊರಿಗೇ ಗೊತ್ತಿತ್ತ್. ಎರಡ್ ವರ್ಷದ್ ಹಿಂದೆಯೂ ಹೀಂಗೇ ಆಯ್ತ್."

ಅವರ ಕಣ್ಣು ಹೊಳೆಯ ಆಚೆ ದಡದ ಕಡೆಗಿತ್ತು. ಕಟ್ಟದಿಂದ ಸ್ವಲ್ಪ ಮೇಲೆ ಆ ದಡದಲ್ಲಿ ಮೀನುಗಾರರ ಮೂವತ್ತರಷ್ಟು ಮನೆಗಳಿವೆ. ಅವರ ದೋಣಿಗಳು ಮನೆಯ ಹಿಂದೆಯೇ ನೀರಲ್ಲಿ ಕಟ್ಟಿರುತ್ತವೆ. ಕಿಂಡಿ ಮುಚ್ಚಿದರೆ ದೋಣಿ ಸಮುದ್ರಕ್ಕೆ ಇಳಿಯುವಂತಿಲ್ಲ. ಅವರಿಗೆ ಕಟ್ಟ ಬೇಡ, ಕೃಷಿಕರಿಗೆ ಬೇಕು. ಇಷ್ಟು ಸರಳವಾಗಿ ಎಲ್ಲರೂ ಮಾತಾಡುತ್ತಿದ್ದರು. ನಾನೂ ಅಷ್ಟೇ ಸರಳವಾಗಿ ನಂಬಿದೆ.

ಅದೇ ಮಧ್ಯಾಹ್ನ ಪೊಲೀಸ್ ಠಾಣೆಗೆ ದೂರು ಬರೆದೆ. ಸರಕಾರಿ ಸೊತ್ತಿಗೆ ಹಾನಿ ಎಂದು ಬರೆದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 'ಸ್ಥಳೀಯ ಮೀನುಗಾರರ ಮೇಲೆ ಅನುಮಾನವಿರುತ್ತದೆ' ಎಂದು ಒಂದು ಸಾಲು ಸೇರಿಸಿದೆ. ನನ್ನ ಕೆಲಸದಲ್ಲಿ ನಾನು ಬರೆದ ಸಾವಿರಾರು ಸಾಲುಗಳಲ್ಲಿ ಅಳಿಸಬೇಕೆನ್ನಿಸುವ ಸಾಲು ಇದೊಂದೇ.

ಮರುದಿನ ಠಾಣೆಯವರು ಆಚೆ ದಡದ ಒಬ್ಬನನ್ನು ಕರೆಸಿ ಬೆಳಗ್ಗಿನಿಂದ ಮೂರು ಗಂಟೆಯವರೆಗೆ ಬೆಂಚಿನ ಮೇಲೆ ಕೂರಿಸಿದರು. ನಾಲ್ಕು ದೋಣಿಗಳ ಒಂದು ತಂಡಕ್ಕೆ ಅವನೇ ಮುಂದಾಳು, ನಲವತ್ತರ ಆಸುಪಾಸಿನ ಗಂಭೀರ ಮನುಷ್ಯ. ಕೇಳಿದ್ದಕ್ಕೆಲ್ಲ 'ನಾನಲ್ಲ' ಎಂದಷ್ಟೇ ಹೇಳಿ ಬಂದನಂತೆ. ಆಮೇಲೆ ಮೀನುಗಾರರ ಮನೆಗಳಿಂದ ಪಂಚಾಯತಿ ಕಚೇರಿಗೆ ಒಬ್ಬರೂ ಬರಲಿಲ್ಲ. ಬುಟ್ಟಿ ಹೊತ್ತು ಬರುವ ಹೆಂಗಸರು ದಾರಿಯಲ್ಲಿ ಸಿಕ್ಕರೆ ಮೊದಲು ನಗುತ್ತಿದ್ದರು, ಈಗ ಮುಖ ಆ ಕಡೆ ಮಾಡಿ ನಡೆಯತೊಡಗಿದರು. ನಮ್ಮ ಕಚೇರಿಯಲ್ಲಿ ಗುಡಿಸುವ ಹುದ್ದೆಯಲ್ಲಿದ್ದ ಅದೇ ದಡದ ಹೆಂಗಸು ಕೂಡ ನನ್ನ ಮೇಜಿನ ಮೇಲೆ ಚಹಾ ಇಟ್ಟು ಒಂದು ಮಾತೂ ಆಡದೆ ಹೋಗುತ್ತಿದ್ದಳು.

ಅಷ್ಟರಲ್ಲಿ ಉಪ್ಪು ಬಾವಿಗಳಿಗೆ ಇಳಿಯತೊಡಗಿತು. ಟ್ಯಾಂಕರ್ ನೀರಿಗೆ ಅರ್ಜಿ ಹಾಕಬೇಕಾದರೆ ಯಾವ ಯಾವ ಬಾವಿ ಕೆಟ್ಟಿದೆ ಎಂಬ ಪಟ್ಟಿ ಬೇಕು. ಪೆನ್ನಿನಷ್ಟು ಉದ್ದದ ಉಪ್ಪಿನಂಶ ಅಳೆಯುವ ಮೀಟರ್ ಹಿಡಿದು ಮನೆ ಮನೆಗೆ ಹೊರಟೆ. ಗದ್ದೆಯ ಕಡೆಯ ಮನೆಗಳನ್ನು ಮೊದಲ ದಿನ ಮುಗಿಸಿದೆ. ಆಚೆ ದಡಕ್ಕೆ ಹೋಗಲು ಕಾಲು ಹಿಂದೆಗೆಯುತ್ತಿತ್ತು. ಆದರೂ ಹೋದೆ.

ಬೇಕೆಂದೇ ಮೊದಲು ಠಾಣೆಗೆ ಕರೆಸಿದ್ದ ಆ ದೋಣಿಯವನ ಮನೆಗೇ ಹೋದೆ. ಅವನಿರಲಿಲ್ಲ. ಅವನ ತಾಯಿ ಜಗಲಿಯಲ್ಲಿ ಮೀನಿನ ಬುಟ್ಟಿ ತೊಳೆಯುತ್ತಿದ್ದರು. ನಾನು ಬಂದ ಕೆಲಸ ಹೇಳಿದೆ. ಆಕೆ ಬಾವಿಗೆ ಹೋಗಿ ಕೊಡಪಾನ ಇಳಿಸಿ, ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದರು.

"ಕುಡೀನಿ ಮೇಡಮ್ಮ. ಬಿಸ್ಲಂಗೆ ಬಂದಿದ್ರಿ."

ಒಂದು ಗುಟುಕು ಕುಡಿದೆ. ನುಂಗಲಾಗಲಿಲ್ಲ.

"ಮೀಟ್ರ್ ಬೇಕಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ್ ಬಾವಿ ಹೊಳಿ ಬದಿಗೇ ಇಪ್ಪುದ್. ಕಟ್ಟ ಬಿಟ್ರೆ ಎಲ್ಲರ್ಕಿಂತ ಮೊದ್ಲ್ ಹಾಳಾಪ್ದ್ ಇದೇ. ನನ್ನ್ ಮಗ ನಂಗೆ ಉಪ್ಪ್ ನೀರ್ ಕುಡ್ಸುಕೆ ಹಲ್ಗಿ ತೆಗಿತ್ನಾ? ಅದನ್ನ್ ಒಂದ್ ಯೋಚ್ನೆ ಮಾಡ್ಲಿಲ್ಲೆ ನೀವ್."

ಆ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ದೋಣಿಯ ಲೆಕ್ಕದಲ್ಲಿ ಅವರನ್ನು ಕಟ್ಟದ ವೈರಿಗಳೆಂದು ಬಗೆದಿದ್ದೆ. ಅವರೂ ನೀರು ಕುಡಿಯುವವರು ಎಂಬುದು ಮರೆತು ಹೋಗಿತ್ತು. ಆ ದಡದ ಎಲ್ಲ ಬಾವಿಗಳನ್ನೂ ಅಳೆದೆ. ಗದ್ದೆಯ ಕಡೆಗಿಂತ ಇಲ್ಲಿಯೇ ಉಪ್ಪು ಹೆಚ್ಚು.

ನಾನು ಹಿಂದಿರುಗುವ ಹೊತ್ತಿಗೆ ದೋಣಿಯವ ಬಂದ. ನನ್ನನ್ನು ನೋಡಿ, "ಬನ್ನಿ, ಒಂದ್ ತೋರ್ಸ್ತೆ," ಎಂದು ದೋಣಿ ಬಿಚ್ಚಿದ.

ಕಟ್ಟದಿಂದ ಮೇಲೆ, ಹೊಳೆಯ ತಿರುವಿನಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಹಿಂಡು ಇದೆ. ಇಳಿತದ ಹೊತ್ತು, ಬೇರುಗಳೆಲ್ಲ ಹೊರಗೆ ಕಾಣುತ್ತಿದ್ದವು. ಆ ಬೇರುಗಳ ನಡುವೆ ನಮ್ಮ ಹಲಗೆಗಳು ಸಿಕ್ಕಿಕೊಂಡಿದ್ದವು. ಒಂದು, ಎರಡು, ಹನ್ನೊಂದು.

"ಕದ್ದವ ಹಲ್ಗಿ ಮನಿಗ್ ತಕಂಡ್ ಹೋತ. ಇಲ್ಲದಿರೆ ಸಂಕದ್ ಮೇಲ್ ಇಡ್ತ. ಇದ್ ನೀರೇ ತಕಂಡ್ ಬಂದದ್," ಎಂದ. "ನಿಮ್ಮ್ ಕಂಟ್ರಾಕ್ಟ್ರ್ ಹಲ್ಗಿ ಹಾಕದ್ ಯಾವತ್ತ್?"

ದಿನಾಂಕ ಹೇಳಿದೆ.

"ದಿನಾಂಕ ಅಲ್ಲ, ತಿಥಿ. ಅಮಾಸಿ. ಹುಣ್ಣಿಮಿ, ಅಮಾಸಿಗೆ ಮಧ್ಯಾಹ್ನದ್ ಹೊತ್ತಿಗೆ ಉಬ್ಬರ ಕಂಬದ್ ತಲಿ ಮುಟ್ಟತ್ತ್. ಒಣಗ್ದ್ ಹಲ್ಗಿ, ನೀರಂಗೆ ತೇಲುದೇ. ಮೇಲ್ ಬೆಣೆ ಇಲ್ಲೆ, ನಡುವೆ ಜೇಡಿ ಬದ್ಲ್ ಹೊಯ್ಗಿ ತುಂಬ್ಸಿದ್ರ್. ಅದ್ ಎಷ್ಟ್ ದಿನ ನಿಲ್ಲತ್ತ್?"

ಕಂಬಗಳ ಹತ್ತಿರ ದೋಣಿ ತಂದು ಸೀಳುಗಳನ್ನು ತೋರಿಸಿದ. ಹೊಯ್ಗೆ, ಅಂದರೆ ಮರಳು, ಎಲ್ಲ ಸೋರಿ ತಳದಲ್ಲಿ ದಿಬ್ಬವಾಗಿತ್ತು. ಕಂಬದ ಅಂಚಿಗೆ ಹಗ್ಗ ತಾಗಿದ ಗುರುತಿಲ್ಲ, ಹಾರೆ ಹಾಕಿದ ಗುರುತಿಲ್ಲ. ಮರುದಿನ ನೀರಾವರಿ ಇಲಾಖೆಯ ಕಿರಿಯ ಎಂಜಿನಿಯರನ್ನು ಕರೆಸಿ ಅದನ್ನೇ ತೋರಿಸಿದೆ. ಅವರು ಹಲಗೆಗಳನ್ನು ಕೈಯಿಂದ ಎತ್ತಿ ನೋಡಿ, "ಅವರು ಹೇಳಿದ್ದು ಸರಿ ಮೇಡಂ. ತೇಲಿ ಹೋದದ್ದೇ," ಎಂದರು.

ಕಚೇರಿಗೆ ಬಂದು ದೂರು ಹಿಂತೆಗೆದುಕೊಳ್ಳುವ ಪತ್ರ ಬರೆದೆ. 'ಹಾನಿಗೆ ಕಾಮಗಾರಿಯ ದೋಷವೇ ಕಾರಣ' ಎಂದು ಸ್ಪಷ್ಟವಾಗಿ ಬರೆದೆ. ಮೇಲಿನ ಅಧಿಕಾರಿ ಫೋನಿನಲ್ಲಿ, "ನಿಮ್ಮ ಮೇಲೇ ನೀವು ಬರೆದುಕೊಳ್ಳುತ್ತೀರಲ್ಲ, ಸ್ವಲ್ಪ ಯೋಚನೆ ಮಾಡಿ," ಎಂದರು. ಯೋಚನೆ ಮಾಡಿಯೇ ಬರೆದದ್ದು ಎಂದೆ. ಠಾಣೆಗೆ ಕೊಟ್ಟು ಬರುವಾಗ ದೋಣಿಯವನ ಮನೆಗೆ ಹೋಗಿ ಪ್ರತಿಯನ್ನು ಅವನ ತಾಯಿಯ ಕೈಗೆ ಕೊಟ್ಟೆ. ಆಕೆಗೆ ಓದಲು ಬರುವುದಿಲ್ಲ. ಓದಿ ಹೇಳಿದೆ. ಪೂರ್ತಿ ಕೇಳಿ, "ಕೂಕಣಿ," ಎಂದು ಕೂರಲು ಜಗಲಿ ತೋರಿಸಿದರು. ಅಷ್ಟೇ. ಆದರೆ ಅಷ್ಟಕ್ಕಾಗಿ ನಾನು ಎಷ್ಟು ದಿನ ಕಾದಿದ್ದೆ ಎಂಬುದು ನನಗೇ ಗೊತ್ತು.

ಹೊಳೆಯಲ್ಲಿ ಸಿಹಿನೀರಿನ ಹರಿವು ಇನ್ನು ಇಪ್ಪತ್ತು ದಿನ ಇದ್ದೀತು. ಅಷ್ಟರಲ್ಲಿ ಮತ್ತೆ ಮುಚ್ಚದಿದ್ದರೆ ಆ ವರ್ಷದ ಮಟ್ಟಿಗೆ ಕಟ್ಟ ಇದ್ದೂ ಇಲ್ಲದ ಹಾಗೆ. ಎರಡೂ ದಡದವರನ್ನು ಶಾಲೆಯ ದೊಡ್ಡ ಕೋಣೆಗೆ ಕರೆದೆ. ಕೃಷಿಕರು ಒಂದು ಬದಿ, ಮೀನುಗಾರರು ಒಂದು ಬದಿ, ನಡುವೆ ಒಂದು ಆಳು ದಾಟುವಷ್ಟು ಜಾಗ ತಾನಾಗಿಯೇ ಉಳಿದಿತ್ತು. ನಾನು ಮೊದಲು ನನ್ನ ತಪ್ಪು ಹೇಳಿದೆ. ಆಮೇಲೆ ಬಾವಿಗಳ ಪಟ್ಟಿ ಓದಿದೆ. ದಡ ಯಾವುದು ಎಂದು ಹೇಳದೆ, ಮನೆ ಮನೆಯ ಬಾವಿಯ ಸ್ಥಿತಿ ಓದುತ್ತಾ ಹೋದೆ. ಶಾಲೆಯ ಬಾವಿಯ ಹೆಸರು ಬಂದಾಗ ಎರಡೂ ಕಡೆ ಗುಸುಗುಸು ಎದ್ದಿತು. ಆ ಬಾವಿಯ ನೀರಿನಲ್ಲೇ ಎಲ್ಲರ ಮಕ್ಕಳ ಮಧ್ಯಾಹ್ನದ ಊಟ ಬೇಯುವುದು.

ಮಾಷ್ಟ್ರು ಎದ್ದರು. "ಈ ವರ್ಷದ್ ನೀರೇ ತಕಂಡ್ ಹೋಯ್ತ್, ಒಪ್ದೆ. ಎರಡ್ ವರ್ಷದ್ ಹಿಂದಿನ್ದ್? ಅದೂ ನೀರಾ?"

ದೋಣಿಯವ ಎದ್ದು ನಿಂತ. ಅವನು ಮಾಷ್ಟ್ರ ಕೈಕೆಳಗೇ ಓದಿದವನಂತೆ. ನಿಂತದ್ದೂ ತರಗತಿಯಲ್ಲಿ ನಿಂತ ಹಾಗೇ ಇತ್ತು.

"ಅದ್ ನಾನೇ ಮಾಷ್ಟ್ರೆ. ಹೇಳ್ದೆ ಕೇಳ್ದೆ ಹಲ್ಗಿ ಹಾಕಿದ್ರ್. ನಾಲ್ಕ್ ದೋಣಿ ಒಳ್ಗೆ ಸಿಕ್ಕ್ ಬಿತ್ತ್. ಹದ್ನೈದ್ ದಿನ ಸುಮ್ನೆ ಕೂಕಂಡಿದ್ದೆ. ಕಡಿಗೆ ಒಂದ್ ಕಿಂಡಿದ್ ತೆಗ್ದ್ ದೋಣಿ ಹೊರ್ಗ್ ಹಾಕ್ದೆ. ತಿರ್ಗಿ ಹಾಕುಕೆ ಕಂಡೆ, ನೀರ್ ಬಿಡ್ಲಿಲ್ಲೆ. ಆ ವರ್ಷ ನಿಮ್ಮ್ ಸಸಿ ಸತ್ತ್ ಹೋದ್ದ್ ನಂಗೆ ಗೊತ್ತಿತ್ತ್."

ಕೃಷಿಕರ ಸಾಲಿನಲ್ಲಿ ನಾಲ್ಕೈದು ಜನ ಒಟ್ಟಿಗೇ ಎದ್ದರು. ಮಾಷ್ಟ್ರು ಅವರನ್ನು ಕೈಯಲ್ಲೇ ಕೂರಿಸಿ ನನ್ನ ಕಡೆ ತಿರುಗಿದರು. ನನ್ನ ಮುಂದೆ ನಡಾವಳಿ ಪುಸ್ತಕ ತೆರೆದಿತ್ತು.

"ಬರ್ಕಣಿ ಮೇಡಂ. ಎಲ್ಲರ ಎದುರಿಗೆ ಒಪ್ಪಿದ್ದ."

ನಿಯಮದ ಪ್ರಕಾರ ಬರೆಯಬೇಕಿತ್ತು. ಬರೆದರೆ ಅದು ದಾಖಲೆ, ದಾಖಲೆಯಾದರೆ ಕ್ರಮ. ಎರಡು ವರ್ಷ ಯಾರಿಗೂ ಸಿಗದ ಸತ್ಯವನ್ನು ಅವನು ತಾನಾಗಿಯೇ ಎದ್ದು ನಿಂತು ಹೇಳಿದ್ದ. ಅವನನ್ನು ಠಾಣೆಯ ಬೆಂಚಿನ ಮೇಲೆ ಕೂರುವ ಹಾಗೆ ಮಾಡಿದ ನನ್ನ ಎದುರಿಗೇ ಹೇಳಿದ್ದ. ನಾನು ಪುಸ್ತಕ ಮುಚ್ಚಿದೆ.

"ನಾನ್ ಬರೀತಿಲ್ಲೆ ಮಾಷ್ಟ್ರೆ," ಎಂದೆ. "ಅವ್ರ್ ಹೇಳದ್ ಪಂಚಾಯ್ತಿಗ್ ಅಲ್ಲ, ನಿಮ್ಗೆ. ಏನ್ ಮಾಡ್ಕ್ ಅಂದೇಳಿ ನೀವೇ ಹೇಳಿ."

ಮಾಷ್ಟ್ರು ದೋಣಿಯವನ ಕಡೆ ತಿರುಗಿ ಕೇಳಿದರು. "ದೋಣಿ ಕಟ್ಟದಿಂದ ಕೆಳ್ಗೆ ಕಟ್ಟಿರೆ ಆತ್ತಿಲ್ಯಾ ನಿಂಗೆ?"

"ಆತ್ತ್. ಆರೆ ಕೆಳ್ಗೆ ಎಲ್ಲಾ ಕೆಸ್ರ್. ಗಟ್ಟಿ ದಡ ಇಪ್ಪುದ್ ಒಂದೇ ಕಡಿ." ಅವನು ತಡೆದು ಹೇಳಿದ. "ನಿಮ್ಮ್ ಗದ್ದಿ ಹಿಂದೆ. ಅಲ್ಲಿಗ್ ಹೋಪುಕೆ ನಿಮ್ಮ್ ಅಂಚಿನ್ ಮೇಲೇ ಬರ್ಕ್."

ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಈ ಮಾತಿನ ತೂಕ ವಿವರಿಸಬೇಕಿಲ್ಲ. ಇಲ್ಲಿ ಅಣ್ಣತಮ್ಮಂದಿರು ದಾರಿಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದದ್ದಿದೆ. ಗದ್ದೆಯ ಅಂಚಿನಲ್ಲಿ ಒಮ್ಮೆ ಜನ ನಡೆದರೆ ಮುಂದೆ ಅದು ಯಾರದಾಗುತ್ತದೋ ಎಂಬ ಭಯ ಎಲ್ಲ ಮನೆಗಳಲ್ಲೂ ಇದೆ. ಮಾಷ್ಟ್ರು ಎದ್ದು, ಹೆಗಲ ಮೇಲಿನ ಬೈರಾಸು ಕೊಡವಿ ಹೊರಟು ಹೋದರು. ಅವರ ಹಿಂದೆಯೇ ಕೃಷಿಕರೂ ಹೋದರು. ಅರ್ಧ ಕೋಣೆ ಖಾಲಿಯಾಯಿತು. ನನ್ನಿಂದಲೇ ಎಲ್ಲ ಕೆಟ್ಟಿತು ಅಂದುಕೊಂಡು ಬಸ್ಸು ಹತ್ತಿದೆ.

ಮರುದಿನ ನಾನು ಕಚೇರಿ ತಲುಪುವ ಮೊದಲೇ ಮಾಷ್ಟ್ರು ಬಂದು ಬೆಂಚಿನ ಮೇಲೆ ಕೂತಿದ್ದರು.

"ಮೂರಡಿ ದಾರಿ ಬಿಡ್ತೆ," ಎಂದರು. "ಹಲ್ಗಿ ಇಪ್ಪಷ್ಟ್ ದಿನ ಮಾತ್ರ. ಹಲ್ಗಿ ತೆಗ್ದ್ ಕೂಡ್ಲೆ ಬೇಲಿ ತಿರ್ಗಿ ಹಾಕ್ತೆ."

ಒಪ್ಪಂದ ಪತ್ರ ಮಾಡಿಸೋಣ ಎಂದೆ. ಅಧಿಕಾರಿಯ ಬಾಯಲ್ಲಿ ಮತ್ತೇನು ಬರುತ್ತದೆ. ಅವರು ತಲೆಯಾಡಿಸಿದರು.

"ಕಾಗ್ದ ಮಾಡಿರೆ ನನ್ನ್ ಮಕ್ಳ್ ಹೆದ್ರ್‌ತ್ರ್. ಬೇಡ. ನಿನ್ನೆ ಅವ ಎದ್ದ್ ನಿಂತ್ ಹೇಳ್ದ ಅಲ್ದಾ? ಅದನ್ನ್ ಯಾವ ಕಾಗ್ದ ನೋಡಿ ಹೇಳ್ದ? ನಾನೂ ಬಾಯಂಗೇ ಹೇಳ್ತೆ."

ನಾನು ವಾದ ಮಾಡಲಿಲ್ಲ. ಆ ದಾರಿಯ ಬಗ್ಗೆ ಪಂಚಾಯತಿಯಲ್ಲಿ ಇಂದಿಗೂ ಒಂದಕ್ಷರ ದಾಖಲೆಯಿಲ್ಲ.

ಹಲಗೆ ಯಾವಾಗ ಹಾಕಬೇಕೆಂದು ದೋಣಿಯವನನ್ನೇ ಕೇಳಿದೆವು. ಅಷ್ಟಮಿ ಎಂದ. ಅಷ್ಟಮಿಯ ಆಸುಪಾಸಿಗೆ ಉಬ್ಬರಕ್ಕೂ ಇಳಿತಕ್ಕೂ ಶಕ್ತಿಯಿಲ್ಲ, ಇಳಿತ ಬೀಳುವುದೂ ಹಗಲು ಹನ್ನೊಂದರ ಮೇಲೆ. ಉಳಿದ ಆರು ಕಿಂಡಿಗಳಲ್ಲೂ ತುಂಬಿದ್ದು ಹೊಯ್ಗೆಯೇ ಆದ್ದರಿಂದ ಒಂಬತ್ತನ್ನೂ ಬಿಚ್ಚಿ ಹೊಸದಾಗಿ ಮುಚ್ಚಬೇಕಿತ್ತು. ಸಪ್ತಮಿ, ಅಷ್ಟಮಿ, ನವಮಿ ಮೂರು ದಿನ, ದಿನಕ್ಕೆ ಮೂರು ಮೂರು ಕಿಂಡಿ. ದಿನವೂ ಮುಕ್ಕಾಲು ಗಂಟೆ ತಡವಾಗಿ ಶುರು. ಗುತ್ತಿಗೆದಾರನ ಜನರಿಲ್ಲ, ಎರಡೂ ದಡದವರೇ. ಎಂಜಿನಿಯರ್ ಇಲಾಖೆಯ ಪರವಾಗಿ ನಿಂತು ನೋಡುತ್ತೇನೆ ಎಂದರು.

ನಾಲ್ಕು ದಿನ ಮೊದಲೇ ಹಲಗೆಗಳನ್ನೆಲ್ಲ ಕಲ್ಲು ಕಟ್ಟಿ ಹೊಳೆಯಲ್ಲಿ ಮುಳುಗಿಸಿಟ್ಟೆವು. ನೀರು ಕುಡಿದ ಹಲಗೆ ಉಬ್ಬುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ, ತೇಲುವುದೂ ಕಡಿಮೆ. ಮೇಲಿನ ಹಲಗೆಗೆ ಎರಡೂ ಬದಿ ಬೆಣೆ ಹೊಡೆಯಬೇಕೆಂದು ಎಂಜಿನಿಯರ್ ಅಳತೆ ಹಾಕಿಕೊಟ್ಟರು. ಕೃಷಿಕರು ಗದ್ದೆಯ ತಗ್ಗಿನಿಂದ ಜೇಡಿಮಣ್ಣು ಅಗೆದರು, ಬೈಹುಲ್ಲು ಕೊಚ್ಚಿ ತಂದರು. ಆ ಮಣ್ಣಿಗೆ ಹುಲ್ಲು ಸೇರಿಸಿ ಹೆಂಗಸರು ಕಾಲಿನಿಂದ ತುಳಿದು ಹದ ಮಾಡಿದರು. ತುಳಿಯುವಾಗ ಯಾರು ಯಾವ ದಡದವರು ಎಂದು ಗುರುತಿಸುವುದು ಕಷ್ಟವಾಗಿತ್ತು. ಎಲ್ಲರ ಕಾಲೂ ಮೊಣಕಾಲಿನವರೆಗೆ ಒಂದೇ ಬಣ್ಣ. ಹದವಾದ ಮಣ್ಣನ್ನು ದೋಣಿಗಳಲ್ಲಿ ತುಂಬಿ ಕಂಬಗಳ ಬುಡಕ್ಕೆ ತಂದು ಎರಡು ಸಾಲು ಹಲಗೆಗಳ ನಡುವೆ ಸುರಿದು, ಉದ್ದ ಕೋಲಿನಿಂದ ಕುಟ್ಟಿ ಕೂರಿಸುವುದು.

ಮೊದಲೆರಡು ದಿನ ಆರು ಕಿಂಡಿ ಮುಗಿಯಿತು. ಮೂರನೇ ದಿನಕ್ಕೆ ಎಂಟೂವರೆ ಕಿಂಡಿಯಾಯಿತು ಎಂದು ನಾನು ತಮಾಷೆಗೆ ಹೇಳುವುದುಂಟು. ಕೊನೆಯ ಕಿಂಡಿಗೆ ಅರ್ಧ ಹಲಗೆ ಇಳಿಸಿದ್ದರು. ಅಷ್ಟರಲ್ಲಿ ಕೆಳಬದಿಯಲ್ಲಿ ಯಾರೋ ಕೂಗಿದರು. ಮುಚ್ಚಿ ಮುಗಿದ ಏಳನೇ ಕಿಂಡಿಯ ಮುಂದೆ, ಸಮುದ್ರದ ಕಡೆ, ನೀರು ಕುದಿಯುವ ಹಾಗೆ ತಳದಿಂದ ಮೇಲಕ್ಕೆ ಉಕ್ಕುತ್ತಿತ್ತು. ಹಲಗೆಗಳು ಗಟ್ಟಿಯಾಗಿದ್ದವು. ನೀರು ಹಲಗೆಯ ಕೆಳಗಿನಿಂದ, ಕಾಂಕ್ರೀಟ್ ತಳದ ಅಡಿಯಿಂದಲೇ ದಾರಿ ಮಾಡಿಕೊಂಡಿತ್ತು.

ಎಂಜಿನಿಯರ್ ಬಗ್ಗಿ ನೋಡಿದರು. "ತಳ ಕೊರೆದಿದೆ ಮೇಡಂ. ಇದಕ್ಕೆ ಅಂದಾಜುಪಟ್ಟಿ ಮಾಡಿ ಮುಂದಿನ ವರ್ಷವೇ ಮಾಡಬೇಕು. ಹೀಗೇ ಬಿಟ್ಟರೆ ಹುಣ್ಣಿಮೆಗೆ ಕಿಂಡಿಯೇ ಕುಸಿದೀತು."

ದೋಣಿಯವ ಅಂಗಿ ಕಳಚಿ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳತೊಡಗಿದ. ಮೇಲ್ಬದಿಯಲ್ಲಿ ಮುಳುಗಿ ತೂತು ಎಲ್ಲಿದೆ ನೋಡಿ, ಜೇಡಿ ತುಂಬಿದ ಚೀಲ ಅದಕ್ಕೆ ಒತ್ತಿ ಬರುತ್ತೇನೆ ಎಂದ. ಮೇಲ್ಬದಿಯಲ್ಲಿ ಆಗಲೇ ನೀರು ಎದೆಮಟ್ಟಕ್ಕಿಂತ ಮೇಲೆ ನಿಂತಿತ್ತು, ಕೆಳಗೆ ಇಳಿತ. ಅಷ್ಟು ನೀರು ಒಂದು ತೂತಿನಿಂದ ಎಳೆಯುವಾಗ ಕೈ ಸಿಕ್ಕಿಕೊಂಡರೆ ಹಗ್ಗದಿಂದ ಎಳೆದರೂ ಬರುವುದಿಲ್ಲ. ಅದು ಎಂಜಿನಿಯರಿಗೆ ಗೊತ್ತಿತ್ತು, ಅವನಿಗಿನ್ನೂ ಚೆನ್ನಾಗಿ ಗೊತ್ತಿತ್ತು.

ನಾನು ಬೇಡವೆಂದೆ. ಅವನು ಕೇಳಲಿಲ್ಲ. "ಈ ಸರ್ತಿ ಕಟ್ಟ ನಿಲ್ದಿದ್ರೆ ನಮ್ಮನ್ನೇ ಹೇಳ್ತ್ರ್ ಮೇಡಂ," ಎಂದಷ್ಟೇ ಹೇಳಿದ. ಒಂದು ದೂರಿನ ಒಂದು ಸಾಲು ಮನುಷ್ಯನನ್ನು ಎಲ್ಲಿಯವರೆಗೆ ತಳ್ಳುತ್ತದೆ ಎಂದು ಆಗ ಕಂಡಿತು.

ಆಗ ಮಾಷ್ಟ್ರು ಕಾಲುಸಂಕದ ಮೇಲೆ ನಡೆದು ಬಂದು ಅವನ ಸೊಂಟದ ಹಗ್ಗ ಹಿಡಿದರು.

"ನಿಲ್ಲ್ ಮಾರಾಯ." ಕೃಷಿಕರ ಕಡೆ ತಿರುಗಿ ದನಿಯೆತ್ತಿದರು. "ಆರನೇದ್ರ್ದ್, ಎಂಟನೇದ್ರ್ದ್ ಹಲ್ಗಿ ತೆಗೀರಿ. ನೀರ್ ಎರಡೂ ಬದಿ ಸಮ ಆಗ್ಲಿ. ಆಮೇಲ್ ಇಳಿಲಿ ಅವ."

"ಎರಡ್ ದಿನದ್ ಕೆಲ್ಸ ಮಾಷ್ಟ್ರೆ," ಎಂದರು ಯಾರೋ. "ಒಳ್ಗಿಪ್ಪು ಸಿಹಿ ನೀರೆಲ್ಲಾ ಹೋತ್."

"ಹೋಯ್ಲಿ. ತೆಗೀರಿ ಅಂದೆ."

ಹಲಗೆ ತೆಗೆದರೆಂದು ಒಂದು ದಡವನ್ನೇ ದೂರಿದ್ದ ಮನುಷ್ಯ ತಾನೇ ನಿಂತು ಹಲಗೆ ತೆಗೆಸಿದರು. ಕುಟ್ಟಿ ಕೂರಿಸಿದ ಜೇಡಿಯನ್ನು ಕೃಷಿಕರೇ ಕೆದರಿ, ಬೆಣೆ ಬಿಚ್ಚಿ, ಎರಡು ಕಿಂಡಿ ತೆರೆದರು. ನೀರು ಭೋರೆಂದು ಹೋಯಿತು. ಎರಡೂ ಬದಿಯ ನೀರು ಸಮನಾಗಲು ಒಂದೂವರೆ ಗಂಟೆ ಬೇಕಾಯಿತು. ಉಕ್ಕುತ್ತಿದ್ದ ನೀರು ಮೆಲ್ಲ ಮೆಲ್ಲನೆ ಸುಮ್ಮನಾಯಿತು.

ಆಮೇಲೆ ದೋಣಿಯವ ಇಳಿದ. ಹಗ್ಗದ ತುದಿ ಮಾಷ್ಟ್ರ ಕೈಯಲ್ಲೇ ಇತ್ತು. ಅವರ ಹಿಂದೆ ಇನ್ನಿಬ್ಬರು ಕೃಷಿಕರು ಹಿಡಿದಿದ್ದರು. ಒಂದೊಂದು ಮುಳುಗಿಗೂ ಮಾಷ್ಟ್ರು ತುಟಿ ಅಲುಗಿಸುತ್ತ ಎಣಿಸುತ್ತಿದ್ದರು. ನಾಲ್ಕನೇ ಸಲ ಮೇಲೆ ಬಂದಾಗ ಅವನು ತೋಳು ಎತ್ತಿ ತೋರಿಸಿದ. ತೋಳಿನಷ್ಟು ದಪ್ಪದ ತೂತು. ಹುಲ್ಲು ಸೇರಿಸಿದ ಜೇಡಿಯನ್ನು ಹಳೆ ಗೊಬ್ಬರದ ಚೀಲಗಳಿಗೆ ತುಂಬಿ ಒಂದೊಂದಾಗಿ ಕೊಟ್ಟರು. ಹದಿಮೂರು ಚೀಲ. ಅವನ ತಂಡದ ಮತ್ತಿಬ್ಬರೂ ಇಳಿದು ಸರದಿಯಲ್ಲಿ ಕಾಲಿನಿಂದ ಒತ್ತಿ ಕೂರಿಸಿದರು. ಕೊನೆಗೆ ಮೇಲೆ ಬಂದಾಗ ದೋಣಿಯವನ ತುಟಿ ನೀಲಿಗಟ್ಟಿತ್ತು. ಮಾಷ್ಟ್ರು ತಮ್ಮ ಬೈರಾಸು ತೆಗೆದು ಅವನ ತಲೆ ಒರೆಸಿದರು, ಹೊಳೆಯಲ್ಲಿ ಆಡಿ ಬಂದ ಶಾಲೆಮಕ್ಕಳಿಗೆ ಒರೆಸುವ ಹಾಗೆ.

ನಾಲ್ಕನೇ ದಿನ ದಶಮಿ. ನೀರಿಗೆ ಮತ್ತೆ ಬಲ ಬರತೊಡಗಿತ್ತು, ಇಳಿತ ಒಂದು ಗಂಟೆಯ ಮೇಲೆ. ಅಂದು ಯಾರನ್ನೂ ಕರೆಯಬೇಕಾಗಲಿಲ್ಲ. ಮೊದಲ ದಿನ ನಲವತ್ತು ಜನ ಇದ್ದ ಜಾಗದಲ್ಲಿ ನೂರಕ್ಕೂ ಹೆಚ್ಚು ಜನ. ಶಾಲೆಯ ಅಡುಗೆಯವರು ಗಂಜಿ ಮಾಡಿ ಕಳಿಸಿದರು. ಆರು, ಎಂಟು, ಒಂಬತ್ತು, ಮೂರೂ ಕಿಂಡಿಗಳನ್ನು ಉಬ್ಬರ ತಿರುಗುವ ಮೊದಲು ಮುಚ್ಚಿದೆವು. ಕೊನೆಯ ಬೆಣೆಯನ್ನು ದೋಣಿಯವನ ತಾಯಿಯ ಕೈಯಲ್ಲಿ ಮುಟ್ಟಿಸಿ ಹೊಡೆದರು.

ನಿಜವಾದ ಪರೀಕ್ಷೆ ಹುಣ್ಣಿಮೆಯದು. ಆ ದಿನ ಹತ್ತು ಗಂಟೆಗೇ ಎಲ್ಲರೂ ಕಾಲುಸಂಕದ ಮೇಲೆ. ಸಮುದ್ರದ ಕಡೆಯ ನೀರು ಹಲಗೆ ಹಲಗೆಯಾಗಿ ಏರಿತು. ಹನ್ನೊಂದೂವರೆಗೆ ಕಂಬದ ತಲೆಯ ಹತ್ತಿರ ಬಂತು. ಹಲಗೆಗಳು ಒಮ್ಮೆ ಕಿರ್ರೆಂದವು. ಎಂಜಿನಿಯರ್ ಏಳನೇ ಕಿಂಡಿಯ ಒಳಬದಿಗೆ ಬಗ್ಗಿ ನೋಡುತ್ತಲೇ ಇದ್ದರು. ಅಲ್ಲಿ ನೀರು ಅಲ್ಲಾಡಲಿಲ್ಲ. ಹನ್ನೆರಡೂವರೆಯ ಹೊತ್ತಿಗೆ ಉಬ್ಬರ ಒಂದು ಬೆರಳಿನಷ್ಟು ಇಳಿದದ್ದು ಒದ್ದೆಯ ಗೆರೆಯಲ್ಲಿ ಕಂಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. "ನಿಂತ್ತ್ ಕಾಂತ್," ಎಂದರು ಮಾಷ್ಟ್ರು. "ನಿಂತ್ತ್," ಎಂದ ದೋಣಿಯವ. ಇಬ್ಬರೂ ಊಟಕ್ಕೆ ಹೊರಟರು. ನಾನು ಮಾತ್ರ ಅಲ್ಲೇ ಸ್ವಲ್ಪ ಹೊತ್ತು ನಿಂತು ಕಣ್ಣೊರೆಸಿಕೊಂಡೆ. ನನ್ನ ಕೆಲಸದ ಬಗ್ಗೆ ಅಷ್ಟು ಹೆಮ್ಮೆ ನನಗೆ ಮೊದಲೆಂದೂ ಆಗಿರಲಿಲ್ಲ. ಅದರಲ್ಲಿ ನಾನು ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದೇ ಹೆಚ್ಚು ಎಂಬುದು ಗೊತ್ತಿದ್ದೂ ಆದ ಹೆಮ್ಮೆ ಅದು.

ಸುಗ್ಗಿ ಗದ್ದೆಗಳು ಹಸಿರಾದವು. ಮಾರ್ಚ್ ಹೊತ್ತಿಗೆ ಶಾಲೆಯ ಬಾವಿ ಮತ್ತೆ ಕುಡಿಯುವಂತಾಯಿತು. ಆಚೆ ದಡದ್ದು ಇನ್ನೊಂದು ತಿಂಗಳು ತೆಗೆದುಕೊಂಡಿತು. ಟ್ಯಾಂಕರಿನ ಅರ್ಜಿ ನನ್ನ ಕಪಾಟಿನಲ್ಲೇ ಉಳಿಯಿತು. ದಿನಾ ಬೆಳಗಾಗುವ ಮೊದಲು ಮೀನುಗಾರರು ಬಲೆ ಹೊತ್ತು ಮಾಷ್ಟ್ರ ಗದ್ದೆಯ ಅಂಚಿನಲ್ಲಿ ಒಂದೇ ಸಾಲಾಗಿ ನಡೆದು ದೋಣಿಗೆ ಇಳಿಯುತ್ತಿದ್ದರು. ಒಂದು ಪೈರೂ ತುಳಿಯಲಿಲ್ಲ.

ಮೇ ಕೊನೆಗೆ, ಮಳೆಯ ಮೋಡ ಕಟ್ಟುವ ಮೊದಲು, ಎಲ್ಲರೂ ಸೇರಿ ಹಲಗೆ ತೆಗೆದು ತೊಳೆದು ಗೋದಾಮಿಗೆ ಪೇರಿಸಿದೆವು. ಕಿಂಡಿ ತೆರೆದ ಕೂಡಲೇ ದೋಣಿಗಳು ಮೇಲೆ ತಮ್ಮ ಮನೆಗಳ ಹಿಂದಕ್ಕೆ ಹೋದವು. ಮರುದಿನ ಗೋದಾಮಿನ ಬೀಗದ ವಿಷಯಕ್ಕೆ ನಾನು ಮಾಷ್ಟ್ರ ಮನೆಗೆ ಹೋದಾಗ, ದೋಣಿಯವ ಮತ್ತು ಅವನ ತಂಡದ ಇಬ್ಬರು ಗದ್ದೆಯ ಅಂಚಿನಲ್ಲಿ ನಿಂತಿದ್ದರು. ಹೆಗಲ ಮೇಲೆ ಹೊಸದಾಗಿ ಚೂಪು ಮಾಡಿದ ಬೇಲಿಯ ಗೂಟಗಳು.

"ಹ್ವಾಯ್, ಮಾಷ್ಟ್ರೆ," ಎಂದು ಕೂಗಿದ. "ಬೇಲಿ ಹಾಕುಕೆ ಬಂದಿತ್. ಹಲ್ಗಿ ತೆಗ್ದ್ ಆಯ್ತ್ ಅಲ್ದಾ."

ಮಾಷ್ಟ್ರು ಜಗಲಿಯಿಂದ ಇಳಿದು ಬಂದರು. ಗೂಟಗಳನ್ನು ನೋಡಿದರು. ಐದು ತಿಂಗಳು ಜನ ನಡೆದು ಬೆಳ್ಳಗಾಗಿದ್ದ ಆ ಮೂರಡಿ ದಾರಿಯನ್ನು ನೋಡಿದರು.

"ಮಳ್ಗಾಲದಂಗೆ ಗೂಟ ಊರಿರೆ ಅಂಚ್ ಜರ್‌ಯತ್ತ್," ಎಂದರು. ಅದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ಅದನ್ನ್ ನಿಮ್ಮನಿ ಒಲಿಗೆ ಹಾಕಿ. ಬನ್ನಿ ಒಳ್ಗೆ, ಚಾ ಆಯಿತ್."